ಅತ್ತೆಗೆ ಮಗನ ಮಾತು ಮಾತ್ರ ಕೇಳಿಸುವುದೇಕೆ?

"ನಮ್ಮತ್ತೆಗೆ ಮಗ ಕರೆದ್ರೆ ಕೇಳಿಸುತ್ತೆ, ನಾನು ಕರೆದ್ರೆ ಮಾತ್ರ ಕಿವಿ ಕೇಳಿಸಲ್ಲ." ಈ ಮಾತನ್ನು ನೀವೂ ಎಲ್ಲಾದರೂ ಕೇಳಿರುತ್ತೀರಿ. ಇದೊಂದೇ ಕಾರಣಕ್ಕೆ ವರ್ಷಗಟ್ಟಲೆ ಮುನಿಸಿಕೊಂಡಿರುವ ಮನೆಗಳಿವೆ. ಇದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸೊಸೆ ಹೇಳುತ್ತಿರುವುದು ಸುಳ್ಳಲ್ಲ. ಎಷ್ಟೋ ಸಲ ಅತ್ತೆಗೆ ನಿಜಕ್ಕೂ ಮಗನ ಮಾತು ಗೊತ್ತಾಗುತ್ತದೆ, ಸೊಸೆಯದು ಗೊತ್ತಾಗುವುದಿಲ್ಲ. ಆದರೆ ಅದರಲ್ಲಿ ಅಸಡ್ಡೆಯೂ ಇಲ್ಲ, ಹಠವೂ ಇಲ್ಲ.

ವಯಸ್ಸಾದಂತೆ ಕಿವಿ ಒಂದೇ ಸಮನೆ ಮಂದವಾಗುತ್ತದೆ ಅಂತ ನಾವು ಅಂದುಕೊಂಡಿದ್ದೇವೆ. ಹಾಗಾಗುವುದಿಲ್ಲ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡ ಒಂದು ಪುಟ್ಟ ಅಂಗ ಇದೆ. ಅದರೊಳಗೆ ಕೂದಲಿನಂಥ ತುದಿಯ ಸುಮಾರು 15,000 ಕೋಶಗಳಿವೆ. ಬಾಗಿಲ ಹತ್ತಿರದವು ಕೀರಲು ದನಿಗೆ, ಒಳಗಿನ ತುದಿಯವು ದಪ್ಪ ದನಿಗೆ. ವಯಸ್ಸಿನಲ್ಲಿ ಮೊದಲು ಸೋಲುವುದು ಸಾಮಾನ್ಯವಾಗಿ ಬಾಗಿಲ ಹತ್ತಿರದವು. ಗಂಡಸರ ದಪ್ಪ ದನಿ ಒಳಗೆ ತಲುಪುತ್ತದೆ. ಹೆಂಗಸರ, ಮಕ್ಕಳ ಸಣ್ಣ ದನಿ ತಪ್ಪಿಹೋಗುತ್ತದೆ. ಮೊಮ್ಮಗಳು ಹೇಳಿದ್ದೂ ಅಜ್ಜಿಗೆ ಕೇಳಿಸಿರುವುದಿಲ್ಲ. ಅವಳು ಮುದ್ದಿನವಳು ಅಂತ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ, ಅಷ್ಟೇ.

ಇನ್ನೂ ಒಂದಿದೆ. ಮಾತಿನಲ್ಲಿ ಅ, ಆ, ಓ ತರಹದ ಸ್ವರಗಳಿಗೆ ಬಲ ಜಾಸ್ತಿ, ಅವು ಕೆಳಗಿನ ಶ್ರುತಿಯಲ್ಲಿರುತ್ತವೆ. ಸ, ಶ, ತ, ಕ ಇವೆಲ್ಲ ಮೇಲಿನ ಶ್ರುತಿಯ ಸಣ್ಣ ಸದ್ದುಗಳು. ಇವು ಮಾಯವಾದರೆ ಸಾಲು, ಹಾಲು, ಕಾಲು ಎಲ್ಲ ಬರೀ "ಆಲು" ಆಗಿಬಿಡುತ್ತವೆ. ಸದ್ದು ಕೇಳಿಸಿತು, ಮಾತು ಗೊತ್ತಾಗಲಿಲ್ಲ. ಅದಕ್ಕೇ ಹಿರಿಯರು "ಕೇಳಿಸ್ತು ಕಣಮ್ಮ, ಏನಂದೆ?" ಅನ್ನುವುದು. ಮಿಕ್ಸಿ ತಿರುಗುತ್ತಿದ್ದರೆ, ಟಿವಿ ಹಾಕಿದ್ದರೆ ಇದ್ದದ್ದೂ ಹೋಯಿತು.

ಆಗ ನಾವು ಕಿರುಚುತ್ತೇವೆ. ಕಿರುಚಿದಾಗ ಜೋರಾಗುವುದು ಹೆಚ್ಚಾಗಿ ಆ "ಆ"ಕಾರವೇ, ಕಳೆದುಹೋದ "ಸ"ಕಾರ ಅಲ್ಲ. ಜೊತೆಗೆ ಸೋತ ಕಿವಿಯಲ್ಲಿ "ಕೇಳಿಸುತ್ತಿಲ್ಲ" ಮತ್ತು "ಸಹಿಸಲಾರೆ" ಇವೆರಡರ ನಡುವಿನ ಅಂತರ ಕಡಿಮೆಯಾಗಿರುತ್ತದೆ. ಎರಡು ಸಲ "ಏನು?" ಅಂದವರು ಮೂರನೇ ಸಲಕ್ಕೆ "ಯಾಕೆ ಹಾಗೆ ಕಿರುಚ್ತೀಯಾ, ನಾನೇನು ಕಿವುಡಿನಾ?" ಅಂತ ರೇಗುತ್ತಾರಲ್ಲ, ಅದು ಇದರಿಂದಲೇ. ಪಾಪ, ಅವರ ಕಿವಿಗೆ ನಿಜವಾಗಿಯೂ ನೋವಾಗಿರುತ್ತದೆ. ಎದುರಿಗೆ ಬನ್ನಿ. ಮುಖ, ತುಟಿ ಕಾಣಲಿ. ಟಿವಿ ಆರಿಸಿ, ಸ್ವಲ್ಪ ನಿಧಾನವಾಗಿ ಹೇಳಿ. ಒಮ್ಮೆ ಗೊತ್ತಾಗದಿದ್ದರೆ ಅದೇ ಮಾತನ್ನು ಬೇರೆ ಪದದಲ್ಲಿ ಹೇಳಿ ನೋಡಿ.

ಶ್ರವಣ ಯಂತ್ರ ಹಾಕಿದರೆ ಇದ್ದ ಕಿವಿಯೂ ಹೋಗುತ್ತದೆ ಅನ್ನುವುದು ಸುಳ್ಳು. ಪರೀಕ್ಷೆ ಮಾಡಿಸಿ, ಸರಿಯಾಗಿ ಹೊಂದಿಸಿದ ಯಂತ್ರದಿಂದ ಕಿವಿ ಕೆಡುವುದಿಲ್ಲ. ಆದರೆ ಕನ್ನಡಕದ ಹಾಗೆ ಹಾಕಿದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲೂ ಕಾಯಬೇಡಿ. ವರ್ಷಗಟ್ಟಲೆ ಆ ಸದ್ದುಗಳಿಲ್ಲದೆ ಬದುಕಿದ ಮೆದುಳಿಗೆ ಅವನ್ನು ಮತ್ತೆ ಕಲಿಯಲು ವಾರಗಳು, ತಿಂಗಳುಗಳು ಬೇಕು. ಮೊದಲ ದಿನವೇ ಮದುವೆ ಮನೆಗೆ ಹಾಕಿಸಿಕೊಂಡು ಹೋಗಿ, ಗಲಾಟೆ ತಡೆಯಲಾಗದೆ ತೆಗೆದು, ಆಮೇಲೆ ಬೀರುವಿನಲ್ಲಿಟ್ಟ ಯಂತ್ರಗಳು ನಮ್ಮಲ್ಲಿ ಎಷ್ಟೋ. ನಿಶ್ಶಬ್ದ ಕೋಣೆಯಲ್ಲಿ, ಒಬ್ಬರ ಜೊತೆ ಮಾತಿನಿಂದ ಶುರು ಮಾಡಬೇಕು. ವಯಸ್ಸಾಯ್ತು ಬಿಡು ಅಂತ ಸುಮ್ಮನಾಗುವ ವಿಷಯವೂ ಇದಲ್ಲ. ಮರೆವಿನ ಕಾಯಿಲೆಯ ಅಪಾಯ ಹೆಚ್ಚಿಸುವ, ಆದರೆ ನಾವು ಏನಾದರೂ ಮಾಡಬಹುದಾದ ಕಾರಣಗಳಲ್ಲಿ ಕಿವಿ ಮಂದವಾಗುವುದನ್ನೂ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗ 2017ರಲ್ಲೇ ಸೇರಿಸಿತು.

ಇನ್ನು "ಡಿಜೆ ಸೌಂಡ್ ನಮಗೆ ಅಭ್ಯಾಸ ಆಗಿದೆ" ಅನ್ನುವ ಹುಡುಗರಿಗೆ ಒಂದು ಮಾತು. ಕಿವಿಗೆ ಅಂಥ ಅಭ್ಯಾಸ ಆಗುವುದಿಲ್ಲ. ಮೊದಲಿನಷ್ಟು ಜೋರು ಅನ್ನಿಸುತ್ತಿಲ್ಲ ಅಂದರೆ ಕೋಶಗಳು ದಣಿದಿವೆ ಅಥವಾ ಸತ್ತಿವೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅನ್ನುವುದು ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆಯ ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧ. 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ. ಕೋಳಿಗೆ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ, ಮನುಷ್ಯರಿಗೆ ಹುಟ್ಟುವುದಿಲ್ಲ.

ಕುಗ್ಗೆ ಕೊಳೆಯಲ್ಲ, ಕಿವಿಯ ಕಾವಲು. ಸಾಮಾನ್ಯವಾಗಿ ತಾನಾಗಿಯೇ ಹೊರಬರುತ್ತದೆ. ಹತ್ತಿ ಕಡ್ಡಿ, ಹೇರ್‌ಪಿನ್ ಅದನ್ನು ಒಳಕ್ಕೆ ತಳ್ಳುತ್ತವೆ. ಮಗುವಿನ ಕಿವಿ ಸೋರುತ್ತಿದ್ದರೆ ದಯವಿಟ್ಟು ಬಿಸಿ ಎಣ್ಣೆ ಬಿಡಬೇಡಿ. ಕಿವಿಯೊಳಗಿನ ತಮಟೆ ತೂತಾಗಿರಬಹುದು.

ನನಗೆ ಎಲ್ಲಕ್ಕಿಂತ ಹೊಟ್ಟೆ ಉರಿಯುವುದು ಮಕ್ಕಳ ವಿಷಯದಲ್ಲಿ. ಎರಡು ವರ್ಷವಾದರೂ ಮಗು ಮಾತಾಡದಿದ್ದರೆ ನಮ್ಮವರ ಕಣ್ಣು ಮೊದಲು ಹೋಗುವುದು ನಾಲಿಗೆಗೆ. ಬಜೆ ತೇಯ್ದು ಹಚ್ಚುತ್ತಾರೆ. ಹರಕೆ ಹೊರುತ್ತಾರೆ. "ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನಿಗೂ ಹಾಗೇ ಆಗಿತ್ತು" ಅಂತ ಸಮಾಧಾನ ಹೇಳುತ್ತಾರೆ. ಕಿವಿ ಕೇಳಿಸುತ್ತಾ ಅಂತ ಕೇಳಿದರೆ "ಓ, ಬಾಗಿಲು ಬಡಿದರೆ ಬೆಚ್ಚಿಬೀಳ್ತಾನೆ" ಅನ್ನುತ್ತಾರೆ. ಬಾಗಿಲ ಸದ್ದಿಗೆ ಬೆಚ್ಚುವ ಮಗುವಿಗೆ "ಸ" ಕೇಳಿಸದೇ ಇರಬಹುದು. ತಟ್ಟೆ ಬಡಿದಾಗ ತಿರುಗಿದ್ದು ನಿಮ್ಮ ಕೈ ಕಂಡದ್ದಕ್ಕೂ ಇರಬಹುದು. ಹುಟ್ಟಿನಿಂದ ಕೇಳಿಸದ ಮಕ್ಕಳೂ ಮೊದಲ ತಿಂಗಳುಗಳಲ್ಲಿ ಎಲ್ಲರ ಹಾಗೆ "ಊ, ಆ" ಅನ್ನುತ್ತವೆ. ಅದಕ್ಕೇ ಮನೆಯವರಿಗೆ ಅನುಮಾನವೇ ಬರುವುದಿಲ್ಲ.

ಹುಟ್ಟಿದ ಮಗುವಿಗೂ ಮಾಡಬಹುದಾದ ಪರೀಕ್ಷೆ ಇದೆ. 1978ರಲ್ಲಿ ಡೇವಿಡ್ ಕೆಂಪ್ ಅನ್ನುವ ವಿಜ್ಞಾನಿ ಒಂದು ಸೋಜಿಗ ಕಂಡುಹಿಡಿದರು. ಆರೋಗ್ಯವಾಗಿರುವ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ಅದಕ್ಕೆ ತಾನೂ ಒಂದು ಸಣ್ಣ ಸದ್ದು ಹೊರಡಿಸುತ್ತದೆ! ಮಲಗಿರುವ ಮಗುವಿನ ಕಿವಿಗೆ ಪುಟ್ಟ ಬಿರಡೆ ಇಟ್ಟು ಆ ಸದ್ದು ಬರುತ್ತಾ ನೋಡುತ್ತಾರೆ. ಕೆಲವೇ ನಿಮಿಷ, ಸೂಜಿ ಇಲ್ಲ, ನೋವಿಲ್ಲ. ಬರದಿದ್ದರೆ ಮುಂದಿನ ಪರೀಕ್ಷೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ಮಾಹಿತಿ, ಆರು ತಿಂಗಳೊಳಗೆ ಯಂತ್ರವೋ ತರಬೇತಿಯೋ ಶುರು. ತಜ್ಞರು ಹೇಳುವ ಗಡುವು ಇದು. ಮೆದುಳು ಭಾಷೆ ಕಲಿಯುವ ಕಾಲ ನಮ್ಮ ಹರಕೆ ಮುಗಿಯಲಿ ಅಂತ ಕಾಯುವುದಿಲ್ಲ.

ಸನ್ನೆ ಕಲಿಸಿದರೆ ಮಗು ಮಾತೇ ಕಲಿಯುವುದಿಲ್ಲ ಅನ್ನುವ ಭಯವನ್ನೂ ಬಿಡಿ. ಸನ್ನೆ ಭಾಷೆ ಬರೀ ಅಭಿನಯವಲ್ಲ. ಅದಕ್ಕೆ ತನ್ನದೇ ವ್ಯಾಕರಣ ಇದೆ ಅಂತ ಅಮೆರಿಕದ ಭಾಷಾತಜ್ಞ ವಿಲಿಯಂ ಸ್ಟೋಕೋ 1960ರಲ್ಲೇ ತೋರಿಸಿದರು. ಲೋಕಕ್ಕೆಲ್ಲ ಒಂದೇ ಸನ್ನೆ ಭಾಷೆಯೂ ಇಲ್ಲ. ಅಮೆರಿಕದವರದು ಬೇರೆ, ಬ್ರಿಟನ್ನಿನವರದು ಬೇರೆ, ನಮ್ಮ ಭಾರತದ್ದು ಬೇರೆ. ಮಗುವಿಗೆ ಬೇಗ ಒಂದು ಭಾಷೆ ಸಿಗುವುದು ಮುಖ್ಯ, ಅದು ಕೈಯಿಂದ ಬಂದರೂ ಸರಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿಗೂ ಮಾತಿಗೂ ಅಂತಲೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ದೂರ ಆದರೆ ನಿಮ್ಮ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ, ಶ್ರವಣ ಪರೀಕ್ಷೆ ಎಲ್ಲಿ ಮಾಡುತ್ತಾರೆ ಅಂತ ವಿಚಾರಿಸಿ. ದೊಡ್ಡವರಾದರೆ ಆಡಿಯೋಗ್ರಾಂ ಅಂತ ಒಂದು ಹಾಳೆ ಕೊಡುತ್ತಾರೆ. ಯಾವ ಶ್ರುತಿಯ ಸದ್ದು ಎಷ್ಟು ಕೇಳಿಸುತ್ತದೆ ಅಂತ ಅದರಲ್ಲಿರುತ್ತದೆ. ಅದನ್ನು ಮನೆಯವರೆಲ್ಲ ಕೂತು ನೋಡಿ, ಸೊಸೆಯಂತೂ ತಪ್ಪದೆ ನೋಡಲಿ.