ಜರ್ಮನಿಯ 50, ಅಮೆರಿಕದ 10: ನೈಟ್ರೇಟ್ ಮಿತಿಯ ಲೆಕ್ಕ ಹೀಗಿದೆ

‘ಕುಡಿಯುವ ನೀರಿನಲ್ಲಿ ನೈಟ್ರೇಟ್ ಮಿತಿ ಅಮೆರಿಕದಲ್ಲಿ ಲೀಟರಿಗೆ 10 ಮಿಲಿಗ್ರಾಂ, ಜರ್ಮನಿಯಲ್ಲಿ 50. ಜರ್ಮನಿಯದ್ದು ಐದು ಪಟ್ಟು ಸಡಿಲ’ ಎಂಬ ಮಾತು ಓಡಾಡುತ್ತಿದೆ. ಎರಡೂ ಅಂಕಿ ನಿಜ. ಹೋಲಿಕೆ ಮಾತ್ರ ತಪ್ಪು.

ಜರ್ಮನಿಯ 50 ಇಡೀ ನೈಟ್ರೇಟಿನ ತೂಕ. ಅಮೆರಿಕದ 10 ಅದರೊಳಗಿನ ಸಾರಜನಕದ ತೂಕ ಮಾತ್ರ. ಒಬ್ಬರು ಕಡಲೆಕಾಯಿಯನ್ನು ಸಿಪ್ಪೆ ಸಮೇತ ತೂಗಿದರು, ಇನ್ನೊಬ್ಬರು ಬರೀ ಬೀಜ ತೂಗಿದರು, ಅಷ್ಟೇ. ನೈಟ್ರೇಟಿನ ತೂಕ 62 ಆದರೆ ಅದರಲ್ಲಿ ಸಾರಜನಕ 14, ಉಳಿದದ್ದು ಆಮ್ಲಜನಕ. ಹಾಗಾಗಿ ಅಮೆರಿಕದ ಅಂಕಿಯನ್ನು 4.43ರಿಂದ ಗುಣಿಸಬೇಕು. ಆಗ ಸುಮಾರು 44 ಬರುತ್ತದೆ. ಜರ್ಮನಿಯ ಮಿತಿ ಸ್ವಲ್ಪ ಜಾಸ್ತಿ, ನಿಜ. ಐದು ಪಟ್ಟಂತೂ ಅಲ್ಲ. ಭಾರತದ ಮಿತಿ 45. ಅದೂ ಇಡೀ ನೈಟ್ರೇಟಿನದ್ದೇ.

ಗೊಂದಲ ಹುಟ್ಟುವುದು ಹೆಸರಿನಲ್ಲಿ. ಜರ್ಮನ್ನರು ಇಡೀ ನೈಟ್ರೇಟನ್ನು ‘ನಿಟ್ರಾಟ್’ ಅಂತಲೂ ಅದರೊಳಗಿನ ಸಾರಜನಕವನ್ನು ‘ನಿಟ್ರಾಟ್-ಶ್ಟಿಕ್‌ಶ್ಟಾಫ್’ ಅಂತಲೂ ಬೇರೆ ಬೇರೆ ಬರೆಯುತ್ತಾರೆ. ಸಾರಜನಕದ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ‘ನೈಟ್ರೇಟ್ ಆಸ್ ಎನ್’ ಅಂತಿರುತ್ತದೆ; ‘ಎನ್’ ಅಂದರೆ ನೈಟ್ರೋಜನ್, ಅಂದರೆ ಸಾರಜನಕ. ಕೊನೆಯ ಆ ‘ಎನ್’ ಸುಮ್ನೆ ಬಿಟ್ಟುಹೋದರೆ ಲೆಕ್ಕವೇ ತಲೆಕೆಳಗು.

ಹಾಗಂತ ಜರ್ಮನಿಯಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಗೊಬ್ಬರದ ನೈಟ್ರೇಟ್ ನೀರಿಗೆ ಸೇರುವುದನ್ನು ತಡೆಯಲು ಸಾಕಷ್ಟು ಕ್ರಮ ಕೈಗೊಂಡಿಲ್ಲ ಎಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2018ರಲ್ಲಿ ಆ ದೇಶದ ವಿರುದ್ಧವೇ ತೀರ್ಪು ಕೊಟ್ಟಿತ್ತು. ಟೀಕಿಸುವವರಿಗೆ ಅದು ಗಟ್ಟಿ ಆಧಾರ ಅಲ್ವಾ?

ನಿಮ್ಮ ಬೋರ್‌ವೆಲ್ ನೀರಿನ ರಿಪೋರ್ಟಿನಲ್ಲೂ ಇದನ್ನು ನೋಡಿಕೊಳ್ಳಿ. ‘ನೈಟ್ರೇಟ್ 12’ ಎಂದಿದ್ದು, ಅದು ಇಡೀ ನೈಟ್ರೇಟಿನ ತೂಕವೇ ಆಗಿದ್ದರೆ ಚಿಂತೆಯಿಲ್ಲ. ‘ನೈಟ್ರೇಟ್ ಆಸ್ ಎನ್ 12’ ಎಂದಿದ್ದರೆ ಅದು 53, ಮಿತಿ ದಾಟಿದೆ.