ಮನೆ ಬಿಡಲ್ಲ ಅಂದ ಮೇಷ್ಟ್ರು

ತುಮಕೂರಿನ ನಮ್ಮ ಗುಂಪಿನಲ್ಲಿ ‘ಪ್ರೈವೇಟ್’ ಸಿನಿಮಾದ ಜಗಳ ಇನ್ನೂ ಮುಗಿದಿಲ್ಲ. ಎಸ್.ಎಸ್. ಪುರಂನಲ್ಲಿ ಸ್ನೇಹಿತರ ಮನೆಯಲ್ಲಿ ಎಲ್ಲ ಕೂತು ನೋಡಿದೆವು. ಗಂಡಸರೆಲ್ಲ “ಅಪ್ಪ ಅಂದ್ರೆ ಹಿಂಗಿರಬೇಕು” ಅಂತ ಎದ್ದರು. ನನ್ನ ಹೆಂಡತಿ ಮಾತ್ರ, “ಅಲ್ರೀ, ಆ ಮೇಷ್ಟ್ರ ಹೆಂಡತಿ ಮನೆ ಬಿಟ್ಟು ಹೋಗೋಣ ಅಂದಿದ್ದು ಒಬ್ಬರಿಗೂ ಕೇಳಿಸಲಿಲ್ವಾ?” ಅಂದಳು. ಅಷ್ಟೇ, ಶುರುವಾಯಿತು.

ನೋಡದವರಿಗೆ ಕಥೆ ಹೇಳಿಬಿಡುತ್ತೇನೆ. 2004ರ ಸಿನಿಮಾ, ನಿರ್ದೇಶಕ ಇಟಲಿಯ ಸವೇರಿಯೊ ಕೊಸ್ತಾಂಜೊ. ಪ್ಯಾಲೆಸ್ತೀನಿನ ಒಬ್ಬ ಇಂಗ್ಲಿಷ್ ಮೇಷ್ಟ್ರು, ಹೆಂಡತಿ, ಐದು ಮಕ್ಕಳು. ಅವರ ಮನೆ ಇರುವುದು ಪ್ಯಾಲೆಸ್ತೀನಿಯರ ಊರಿಗೂ ಇಸ್ರೇಲಿಗಳ ವಸಾಹತಿಗೂ ನಡುವೆ. ಇಸ್ರೇಲಿ ಸೈನಿಕರು ನುಗ್ಗಿ ಮಹಡಿ ಹಿಡಿದುಕೊಳ್ಳುತ್ತಾರೆ, ಮನೆಯವರು ಕೆಳಗೆ. ರಾತ್ರಿಯಾದರೆ ಎಲ್ಲರನ್ನೂ ಹಾಲ್‌ಗೆ ತುಂಬಿ ಹೊರಗಿನಿಂದ ಬೀಗ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಖಾತೆ ಮೇಷ್ಟ್ರ ಹೆಸರಲ್ಲೇ ಇದೆ, ಆದರೆ ತನ್ನ ಮನೆಯ ಮೆಟ್ಟಿಲನ್ನೇ ಹತ್ತುವ ಹಾಗಿಲ್ಲ.

ಮನೆಯನ್ನು ಹೀಗೆ ಹಂಚಿರುವುದು ಸುಮ್ನೆ ಅಲ್ಲ. ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ 1995ರ ಒಪ್ಪಂದದಲ್ಲಿ, ಇಸ್ರೇಲ್ ಹಿಡಿದುಕೊಂಡಿರುವ ಪ್ಯಾಲೆಸ್ತೀನಿಯರ ನೆಲವಾದ ವೆಸ್ಟ್ ಬ್ಯಾಂಕನ್ನು ಎ, ಬಿ, ಸಿ ಅಂತ ಮೂರು ಪ್ರದೇಶ ಮಾಡಿದರು. ಇಸ್ರೇಲಿನ ಪೂರ್ತಿ ಹಿಡಿತದಲ್ಲಿ ಉಳಿದ ಸಿ ಪ್ರದೇಶವೇ ಸುಮಾರು 60% ನೆಲ. ಆ ನಕ್ಷೆಯನ್ನು ಟಿವಿ ಚರ್ಚೆಯಲ್ಲಿ ನೂರು ಸಲ ತೋರಿಸಿದರೂ ನನಗೆ ತಲೆಗೆ ಹೋಗಿರಲಿಲ್ಲ. ಇಲ್ಲಿ ಒಂದು ಮೆಟ್ಟಿಲು, ಒಂದು ಬಾಗಿಲು ತೋರಿಸಿ ಮುಗಿಸಿಬಿಟ್ಟರು.

ಈಗ ಜಗಳಕ್ಕೆ ಬರೋಣ. ಮೇಷ್ಟ್ರು ಮನೆ ಬಿಡಲ್ಲ ಅಂತಾನೆ, ಬಂದೂಕು ಹಿಡಿಯಲ್ಲ, ಸುಮ್ಮನೆ ಅಲ್ಲೇ ಇರ್ತಾನೆ. ಇದು ಬರೀ ಹಠ ಅನ್ನುವವರು 1948 ನೆನಪಿಸಿಕೊಳ್ಳಿ. ಇಸ್ರೇಲ್ ದೇಶ ಹುಟ್ಟಿದಾಗಿನ ಆ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಗಲಾಟೆ ಅಡಗಿದ ಮೇಲೆ ವಾಪಸ್ ಬರೋಣ ಅಂತ ಬೀಗ ಹಾಕಿ ಹೋದವರು ಎಷ್ಟೋ ಜನ, ಇವತ್ತಿಗೂ ಆ ಬೀಗದ ಕೈಗಳನ್ನು ಇಟ್ಟುಕೊಂಡಿರುವ ಕುಟುಂಬಗಳಿವೆ. ಹಾಗಾಗಿ “ಸ್ವಲ್ಪ ದಿನ ನೆಂಟರ ಮನೆಗೆ ಹೋಗಿದ್ದು ಬರಬಹುದಿತ್ತಲ್ಲ” ಅನ್ನುವ ನಮ್ಮ ಮಾತು ಅವನ ಮುಂದೆ ನಡೆಯಲ್ಲ. ಅಲ್ಲಿ ಹೋದವರು ಬಂದಿಲ್ಲ.

ಆದರೂ ನನ್ನ ಹೆಂಡತಿ ಹೇಳಿದ್ದು ಸರಿ. ನಿರ್ಧಾರ ಮೇಷ್ಟ್ರದು, ಹಾಲ್‌ನಲ್ಲಿ ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು ರಾತ್ರಿ ಕಳೆಯುವವಳು ಅವನ ಹೆಂಡತಿ. ಅವನ ತತ್ವಕ್ಕೆ ಮಕ್ಕಳು ಒಪ್ಪಿದ್ದಾರಾ? ದೊಡ್ಡ ಮಗಳು ಕದ್ದು ಮಹಡಿ ಹತ್ತಿ ಬೀರುವಿನಲ್ಲಿ ಅಡಗಿ ಸೈನಿಕರನ್ನು ನೋಡುತ್ತಾಳೆ, ಒಬ್ಬ ಮಗನಿಗೆ ಗ್ರೆನೇಡ್ ಕಡೆ ಮನಸ್ಸು. ಶಾಂತಿಯಿಂದ ಇರೋಣ ಅಂದ ಅಪ್ಪನ ಮನೆಯೊಳಗೇ ಇದೆಲ್ಲ ಬೆಳೆಯುತ್ತದೆ. ನಿರ್ದೇಶಕ ಅಪ್ಪನನ್ನು ಗೆಲ್ಲಿಸುವ ಆತುರಕ್ಕೆ ಬಿದ್ದಿಲ್ಲ. ನಮ್ಮ ಸಿನಿಮಾಗಳಾಗಿದ್ದರೆ ಇಂಟರ್‌ವಲ್‌ಗೆ ಮುಂಚೆ ಅಮ್ಮ ಕಣ್ಣೊರೆಸಿಕೊಂಡು ಗಂಡನ ಪಕ್ಕ ನಿಂತುಬಿಡುತ್ತಿದ್ದಳು, ಅಲ್ವಾ?

ಬೀರುವಿನ ಸಂದಿಯಿಂದ ಕಾಣುವ ದೃಶ್ಯಗಳೇ ನನಗೆ ಎಲ್ಲಕ್ಕಿಂತ ಇಷ್ಟವಾದವು. ಕೆಳಗಿನಿಂದ ಬರೀ ಬೂಟಿನ ಸದ್ದಾಗಿದ್ದವರು ಅಲ್ಲಿ ಬೇಜಾರು ಹಿಡಿದ ಹುಡುಗರಾಗಿ ಕಾಣುತ್ತಾರೆ. ಅದರಿಂದ ಅವರು ಮಾಡುತ್ತಿರುವುದೇನೂ ಸಣ್ಣದಾಗುವುದಿಲ್ಲ, ಬೀಗ ಬೀಗವೇ.

ಮೇಷ್ಟ್ರಾಗಿ ಮೊಹಮ್ಮದ್ ಬಕ್ರಿ. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಸಿನಿಮಾಕ್ಕೆ ಅಲ್ಲಿನ ದೊಡ್ಡ ಪ್ರಶಸ್ತಿ ಗೋಲ್ಡನ್ ಲೆಪರ್ಡ್, ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಇಟಲಿಯವರು ಇದನ್ನು ಆಸ್ಕರ್‌ಗೆ ಕಳಿಸಿದರೆ, ಇದರಲ್ಲಿ ಇಟಲಿ ಭಾಷೆಯೇ ಇಲ್ಲ ಅಂತ ವಾಪಸ್ ಕಳಿಸಿದರು! ಆಮೇಲೆ ಆ ನಿಯಮ ಬದಲಾಯಿತು, ದೀಪಾ ಮೆಹ್ತಾ ಅವರ ಹಿಂದಿ ಸಿನಿಮಾ ‘ವಾಟರ್’ ಕೆನಡಾ ಪರವಾಗಿ ಹೋಯಿತು.

ಒಂದೂವರೆ ಗಂಟೆ ಅಷ್ಟೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಕ್ಯಾಮೆರಾ ಕೈಯಲ್ಲಿ ಹಿಡಿದೇ ತೆಗೆದಿದ್ದಾರೆ, ಜಾಸ್ತಿ ಅಲ್ಲಾಡುತ್ತೆ. ತಲೆ ಸುತ್ತುವವರು ಸ್ವಲ್ಪ ದೂರ ಕೂತುಕೊಳ್ಳಿ.