ಉಬ್ಬು ಹಲ್ಲು ಅಂದರೆ ತಪ್ಪು ಯಾರದ್ದು?

ಮೂವತ್ತೆರಡನೇ ವಯಸ್ಸಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವಳು ನಾನು. ಮೊದಲ ದಿನ ಕೈಗೆ ಕೊಟ್ಟ ಚೀಟಿಯಲ್ಲಿ ಮೂರು ಸಾಲು ಇತ್ತು. ಕ್ಲಾಸ್ 2 ಡಿವಿಷನ್ 1. ಓವರ್‌ಜೆಟ್ 8 ಮಿ.ಮೀ. ಡೀಪ್ ಬೈಟ್. ಓದಿದರೆ ಯಾವುದೋ ಪರೀಕ್ಷೆಯಲ್ಲಿ ಸೆಕೆಂಡ್ ಕ್ಲಾಸ್ ಬಂದ ಹಾಗಿತ್ತು. ಡೀಪ್ ಬೈಟ್ ಅಂದರೆ ನಾನು ಜೋರಾಗಿ ಕಚ್ಚುತ್ತೇನೆ ಅಂತಲೇ ತಿಳಿದಿದ್ದೆ, ನಗಬೇಡಿ.

ಇದೆಲ್ಲ ಏನು ಡಾಕ್ಟ್ರೇ ಅಂದರೆ, "ನಿಮಗೆ ಉಬ್ಬು ಹಲ್ಲು, ಅಷ್ಟೇ. ಒಳಗೆ ತಳ್ಳಿದರೆ ಆಯ್ತು" ಅಂದರು. ನನ್ನ ತಕರಾರು ಇರುವುದು ಆ 'ಅಷ್ಟೇ' ಮೇಲೆ.

'ಉಬ್ಬು ಹಲ್ಲು' ಅಂದ ತಕ್ಷಣ ನಾವು ತಪ್ಪನ್ನು ಮೇಲಿನ ಹಲ್ಲಿನ ತಲೆಗೆ ಕಟ್ಟುತ್ತೇವೆ. ಅದು ಮುಂದೆ ಬಂದಿದೆ, ಹಿಂದೆ ಕಳಿಸಬೇಕು. ಆದರೆ ಬಹಳ ಜನರಲ್ಲಿ ಮೇಲಿನ ಹಲ್ಲು, ಮೇಲಿನ ದವಡೆ ತಮ್ಮ ಜಾಗದಲ್ಲೇ ಇರುತ್ತವೆ. ಹಿಂದೆ ಉಳಿದುಬಿಟ್ಟದ್ದು ಕೆಳಗಿನ ದವಡೆ. ಎದುರಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಚಿಕಿತ್ಸೆ ಮಾತ್ರ ಒಂದೇ ಅಲ್ಲ.

ಮೊದಲು ಈ ಕ್ಲಾಸ್ ವಿಷಯ ಹೇಳಿಬಿಡುತ್ತೇನೆ. ಇದನ್ನು ಮಾಡಿದವರು ಅಮೆರಿಕದ ದಂತವೈದ್ಯ ಎಡ್ವರ್ಡ್ ಆಂಗಲ್, 1899ರಲ್ಲಿ. ಆರನೇ ವಯಸ್ಸಿನ ಹೊತ್ತಿಗೆ ಬರುವ ಮೊದಲ ದೊಡ್ಡ ದವಡೆ ಹಲ್ಲು ಇದೆಯಲ್ಲ, ಅದೇ ಅವರ ಅಳತೆಗೋಲು. ಮೇಲಿನ ಆ ಹಲ್ಲಿಗೆ ಕೆನ್ನೆಯ ಕಡೆ ಎರಡು ಚೂಪು ಇರುತ್ತವೆ. ಅದರಲ್ಲಿ ಮುಂದಿನದು ಕೆಳಗಿನ ಹಲ್ಲಿನ ನಡುಗೆರೆಯಲ್ಲಿ ಸರಿಯಾಗಿ ಕೂತರೆ ಕ್ಲಾಸ್ 1. ಕೆಳಗಿನ ಹಲ್ಲು ಅದಕ್ಕಿಂತ ಹಿಂದೆ ಇದ್ದರೆ ಕ್ಲಾಸ್ 2. ಮುಂದೆ ಇದ್ದರೆ ಕ್ಲಾಸ್ 3. ಇಷ್ಟೇ. ಮೇಲು ಕೀಳು ಇಲ್ಲ, ಮಾರ್ಕ್ಸ್ ಇಲ್ಲ. ಕ್ಲಾಸ್ 1 ಅಂದರೆ ಹಲ್ಲು ಚೆನ್ನಾಗಿದೆ ಅಂತಲೂ ಅಲ್ಲ. ದವಡೆ ಹಲ್ಲು ಸರಿಯಾಗಿ ಕೂತು, ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿ ಕೂತಿದ್ದರೂ ಅದು ಕ್ಲಾಸ್ 1. ಡಿವಿಷನ್ ಬರುವುದು ಕ್ಲಾಸ್ 2ಕ್ಕೆ ಮಾತ್ರ. ಮೇಲಿನ ಬಾಚಿ ಹಲ್ಲು ಹೊರಗೆ ವಾಲಿದ್ದರೆ 1, ಒಳಗೆ ವಾಲಿದ್ದರೆ 2.

ನೂರಿಪ್ಪತ್ತು ವರ್ಷ ದಾಟಿದರೂ ಇದು ಬಳಕೆಯಲ್ಲಿದೆ ಅಂದರೆ ಸುಮ್ನೆ ಅಲ್ಲ, ಕನ್ನಡಿ ಹಿಡಿದು ಎರಡು ನಿಮಿಷದಲ್ಲಿ ಹೇಳಿಬಿಡಬಹುದು. ಆದರೆ ಇದು ಹೇಳುವುದು ಹಲ್ಲಿಗೂ ಹಲ್ಲಿಗೂ ಇರುವ ಸಂಬಂಧ ಮಾತ್ರ. ಮೇಲಿನದು ಮುಂದೆ ಬಂದಿದೆಯಾ, ಕೆಳಗಿನದು ಹಿಂದೆ ಉಳಿದಿದೆಯಾ ಅನ್ನೋದನ್ನು ಹೇಳುವುದಿಲ್ಲ. ನನ್ನ ಚೀಟಿಯಲ್ಲಿ ಇಲ್ಲದೇ ಇದ್ದದ್ದು ಸರಿಯಾಗಿ ಅದೇ.

ಇನ್ನು ಓವರ್‌ಬೈಟ್, ಓವರ್‌ಜೆಟ್ ಗೊಂದಲ. ಇಂಟರ್‌ನೆಟ್‌ನಲ್ಲಿ ಹತ್ತರಲ್ಲಿ ಎಂಟು ಜನ ಉಬ್ಬು ಹಲ್ಲಿಗೆ ಓವರ್‌ಬೈಟ್ ಅನ್ನುತ್ತಾರೆ (ಇದು ನನ್ನ ಲೆಕ್ಕ, ಯಾವ ಸಮೀಕ್ಷೆಯೂ ಅಲ್ಲ). ಈಗಲೇ ನೋಡಿಕೊಳ್ಳಿ. ಹಿಂದಿನ ಹಲ್ಲು ಕೂಡಿಸಿ ಕಚ್ಚಿ, ತುಟಿ ಬಿಡಿಸಿ. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮೇಲಿಂದ ಕೆಳಗೆ ಎಷ್ಟು ಮುಚ್ಚಿದೆಯೋ ಅದು ಓವರ್‌ಬೈಟ್. ಮೂರನೇ ಒಂದು ಭಾಗದವರೆಗೆ ಮುಚ್ಚಿದರೆ ಸಹಜ. ಅದಕ್ಕಿಂತ ತೀರಾ ಜಾಸ್ತಿಯಾದರೆ ಡೀಪ್ ಬೈಟ್. ನನ್ನ ಕೆಳಗಿನ ಹಲ್ಲು ಕಾಣುತ್ತಲೇ ಇರಲಿಲ್ಲ, ಹೋಗಿ ಅಂಗುಳಕ್ಕೆ ಚುಚ್ಚುತ್ತಿತ್ತು. ಮುಚ್ಚುವ ಬದಲು ನಡುವೆ ಸಂದಿಯೇ ಉಳಿದರೆ ಓಪನ್ ಬೈಟ್, ಬೆರಳು ಚೀಪುವ ಮಕ್ಕಳಲ್ಲಿ ಕಾಣುವಂಥದ್ದು. ಈಗ ಪಕ್ಕದಿಂದ ನೋಡಿ. ಮೇಲಿನ ಹಲ್ಲು ಕೆಳಗಿನದಕ್ಕಿಂತ ಎಷ್ಟು ಮುಂದಿದೆಯೋ ಅದು ಓವರ್‌ಜೆಟ್. 2ರಿಂದ 3 ಮಿ.ಮೀ. ಇದ್ದರೆ ಸಹಜ. ಒಂದು ನಿಂತ ಅಳತೆ, ಒಂದು ಮಲಗಿದ ಅಳತೆ. ಇದನ್ನು ಯಾಕೆ ಇಷ್ಟು ಎಳೆಯುತ್ತಿದ್ದೇನೆ ಅಂದರೆ, 8 ಮಿ.ಮೀ. ಓವರ್‌ಜೆಟ್ ಡೀಪ್ ಬೈಟ್ ಜೊತೆಗೂ ಬರಬಹುದು, ಓಪನ್ ಬೈಟ್ ಜೊತೆಗೂ ಬರಬಹುದು. ಎರಡಕ್ಕೂ ಮಾಡುವ ಕೆಲಸ ಹೆಚ್ಚುಕಮ್ಮಿ ಉಲ್ಟಾ.

ಸರಿ, ತಪ್ಪು ಯಾರದ್ದು ಅಂತ ಗೊತ್ತಾಗುವುದು ಹೇಗೆ? ತಲೆಯನ್ನು ಪಕ್ಕದಿಂದ ತೆಗೆಯುವ ಒಂದು ಎಕ್ಸ್‌ರೇ ಇದೆ. 1931ರಲ್ಲಿ ಅಮೆರಿಕದ ಬ್ರಾಡ್‌ಬೆಂಟ್, ಜರ್ಮನಿಯ ಹೋಫ್ರಾತ್ ಇಬ್ಬರೂ ಬೇರೆ ಬೇರೆಯಾಗಿ ಇದರ ವಿಧಾನ ಪ್ರಕಟಿಸಿದರು. ಅದರ ಮೇಲೆ ಮೂಗಿನ ಬುಡ, ಮೇಲಿನ ದವಡೆ, ಕೆಳಗಿನ ದವಡೆ ಅಂತ ಚುಕ್ಕಿ ಇಟ್ಟು, ಗೆರೆ ಎಳೆದು, ಕೋನ ಅಳೆಯುತ್ತಾರೆ. ಎಸ್‌ಎನ್‌ಎ ಅನ್ನೋದು ಮೇಲಿನ ದವಡೆಯ ಕೋನ, ಸರಾಸರಿ 82 ಡಿಗ್ರಿ. ಎಸ್‌ಎನ್‌ಬಿ ಕೆಳಗಿನದು, 80. ಎರಡರ ನಡುವಿನ ಅಂತರ ಎಎನ್‌ಬಿ, 2. ಈ ಸರಾಸರಿಗಳು ಬಂದದ್ದು ಬಿಳಿಯ ಅಮೆರಿಕನ್ನರ ಮುಖದಿಂದ. ಬೇರೆ ಜನಗಳಲ್ಲಿ ಸರಾಸರಿಯೇ ಬೇರೆ ಇರುತ್ತದೆ. ಹಾಗಾಗಿ ಒಂದೆರಡು ಡಿಗ್ರಿ ಆಚೀಚೆ ಆದರೆ ಯಾರೂ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ.

ನನ್ನದು ಒಂದೆರಡು ಅಲ್ಲ. ಮೇಲಿನದು 82, ಕೆಳಗಿನದು 75. ಅಂತರ 7. ಇಷ್ಟು ವರ್ಷ ನಾನು ಬೈದುಕೊಂಡು, ಫೋಟೋದಲ್ಲಿ ತುಟಿ ಮುಚ್ಚಿಕೊಂಡು ಬಚ್ಚಿಟ್ಟಿದ್ದ ಮೇಲಿನ ದವಡೆ ಪಾಪ ತನ್ನ ಜಾಗದಲ್ಲೇ ಇತ್ತು! ಇದನ್ನು ಹೇಳಿದ್ದು ಎರಡನೇ ಅಭಿಪ್ರಾಯಕ್ಕೆ ಹೋದಾಗ ಸಿಕ್ಕ ಇನ್ನೊಬ್ಬ ಡಾಕ್ಟರ್. ಕೋನಗಳನ್ನು ಪೆನ್ಸಿಲ್‌ನಲ್ಲಿ ಬರೆದು ತೋರಿಸಿದರು. ಹತ್ತು ನಿಮಿಷ ಹಿಡಿಯಿತು.

ಅಲ್ಲಿಂದ ಮುಂದೆ ದಾರಿ ಮೂರು. ಬೆಳೆಯುವ ವಯಸ್ಸಾಗಿದ್ದರೆ ಕೆಳಗಿನ ದವಡೆಯನ್ನು ಮುಂದೆ ಹಿಡಿದಿಡುವ ಟ್ವಿನ್ ಬ್ಲಾಕ್ ಥರದ ಸಾಧನ ಕೊಡುತ್ತಾರೆ. ಅದರಿಂದ ದವಡೆಯೇ ಎಷ್ಟು ಬೆಳೆಯುತ್ತದೆ, ಹಲ್ಲು ಎಷ್ಟು ವಾಲುತ್ತದೆ ಅನ್ನುವ ಜಗಳ ತಜ್ಞರ ನಡುವೆ ಇನ್ನೂ ಮುಗಿದಿಲ್ಲ. ನನಗಂತೂ ಆ ವಯಸ್ಸು ದಾಟಿತ್ತು. ಎರಡನೆಯದು ಆಪರೇಷನ್, ದವಡೆಯ ಮೂಳೆ ಕತ್ತರಿಸಿ ಮುಂದೆ ಸರಿಸಿ ಕೂರಿಸುವುದು. ಮೂರನೆಯದರ ಹೆಸರು ಕ್ಯಾಮಫ್ಲಾಜ್, ಅಂದರೆ ಮರೆಮಾಚುವುದು. ಈ ಇಡೀ ಶಾಸ್ತ್ರದಲ್ಲಿ ನನಗೆ ತುಂಬಾ ಪ್ರಾಮಾಣಿಕ ಅನ್ನಿಸಿದ ಪದ ಇದು. ದವಡೆ ಹಾಗೇ ಇರುತ್ತದೆ. ಮೇಲೆ ಎರಡು ಹಲ್ಲು ಕಿತ್ತು, ಆ ಜಾಗಕ್ಕೆ ಮುಂದಿನ ಹಲ್ಲು ಎಳೆದು, ಕೊರತೆ ಕಾಣದ ಹಾಗೆ ಮಾಡುತ್ತಾರೆ. ನಾನು ಆರಿಸಿಕೊಂಡದ್ದು ಇದನ್ನೇ. ಮೊದಲ ಡಾಕ್ಟರ್ ಮಾಡಲು ಹೊರಟಿದ್ದೂ ಇದೇ ಇರಬಹುದು. ಆದರೆ ಆಗ ಅದು ನನ್ನ ಆಯ್ಕೆ ಆಗಿರುತ್ತಿರಲಿಲ್ಲ, ಅಲ್ವಾ?

ಹಲ್ಲು ಕೀಳುವ ವಿಷಯಕ್ಕೆ ಈಗಲೂ ಜನ ಹೊಡೆದಾಡುತ್ತಾರೆ, ಹಿಂದೆಯೂ ಹೊಡೆದಾಡಿದ್ದರು. ಒಂದು ಹಲ್ಲನ್ನೂ ಕೀಳಕೂಡದು ಅನ್ನುವುದು ಆಂಗಲ್ ಪಂಥ. ಕೆಲವರಿಗೆ ಕೀಳಲೇಬೇಕು ಅಂದ ಕ್ಯಾಲ್ವಿನ್ ಕೇಸ್ ಅನ್ನೋ ದಂತವೈದ್ಯರ ಜೊತೆ 1911ರಲ್ಲಿ ದೊಡ್ಡ ವಾದವೇ ನಡೆಯಿತು. ತಮಾಷೆ ಅಂದರೆ, ಮುಂದೆ ಆಂಗಲ್ ಶಿಷ್ಯ ಚಾರ್ಲ್ಸ್ ಟ್ವೀಡ್ ಅವರೇ ತಮ್ಮ ಹಳೆಯ ರೋಗಿಗಳ ಹಲ್ಲು ಮತ್ತೆ ಕೆಟ್ಟದ್ದು ಕಂಡು, ಹಲ್ಲು ಕಿತ್ತು ಎರಡನೇ ಸಲ ಚಿಕಿತ್ಸೆ ಮಾಡಿದರು.

ಕ್ಲಿಪ್ ಹಾಕಿಸಿಕೊಂಡವರು ಮಾಡುವ ಒಂದು ತಪ್ಪು ನಾನೂ ಮಾಡಿದೆ. ಪ್ರತಿ ಸಲ ಹೋದಾಗಲೂ "ಇನ್ನೂ ಸ್ವಲ್ಪ ಟೈಟ್ ಮಾಡಿ, ಬೇಗ ಮುಗೀಲಿ" ಅಂತ ಪೀಡಿಸುತ್ತಿದ್ದೆ. ಹಲ್ಲು ಗೋಡೆಗೆ ಹೊಡೆದ ಮೊಳೆ ಅಲ್ಲವಂತೆ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರ್‌ನಷ್ಟು ತೆಳುವಾದ ನಾರಿನ ಪದರ ಇದೆ. ಹಲ್ಲು ಒತ್ತಿದ ಕಡೆ ಮೂಳೆ ಕರಗುತ್ತದೆ, ಎಳೆದ ಕಡೆ ಹೊಸ ಮೂಳೆ ಬರುತ್ತದೆ. ಹೀಗೆ ತಿಂಗಳಿಗೆ ಸುಮಾರು 1 ಮಿ.ಮೀ. ಜೋರಾಗಿ ಒತ್ತಿದರೆ ಆ ಪದರ ನುಜ್ಜಾಗಿ, ರಕ್ತ ಓಡಾಟ ನಿಂತು, ಹಲ್ಲು ಇದ್ದಲ್ಲೇ ನಿಂತುಬಿಡುತ್ತದೆ. ಅವಸರ ಮಾಡಿದಷ್ಟೂ ತಡ.

ಕ್ಲಿಪ್ ಬಿಚ್ಚಿದ ಮೇಲೆ ಹಲ್ಲನ್ನು ಹೊಸ ಜಾಗದಲ್ಲೇ ಹಿಡಿದಿಡುವ ರಿಟೈನರ್ ಕೊಟ್ಟರು. ಒಸಡಿನ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಹತ್ತಿರ ಹತ್ತಿರ ಒಂದು ವರ್ಷ ಬೇಕು, ಅಲ್ಲಿಯವರೆಗೆ ಅವು ಹಲ್ಲನ್ನು ಹಳೆಯ ಜಾಗಕ್ಕೇ ಎಳೆಯುತ್ತಿರುತ್ತವೆ. ಕೇಳಿಯೂ ಮೂರು ವಾರ ಹಾಕಲಿಲ್ಲ, ಶುದ್ಧ ಸೋಮಾರಿತನ. ಮತ್ತೆ ಹಾಕಲು ಹೋದರೆ ಅದು ಬೇರೆಯವರ ಚಪ್ಪಲಿ ಹಾಗೆ ಕಚ್ಚಿತು. ಈಗ ರಾತ್ರಿ ತಪ್ಪಿಸುವುದಿಲ್ಲ.

ಮೊನ್ನೆ ಕೊನೆಯ ತಪಾಸಣೆಯ ಚೀಟಿ ಬಂತು. ಓವರ್‌ಜೆಟ್ 3 ಮಿ.ಮೀ. ಕೋರೆ ಹಲ್ಲು ಕ್ಲಾಸ್ 1 (ಕೋರೆ ಹಲ್ಲು ಕೂತ ರೀತಿಗೂ ಇದೇ ಲೆಕ್ಕ). ದವಡೆ ಹಲ್ಲು ಕ್ಲಾಸ್ 2, ಮೊದಲಿದ್ದ ಹಾಗೇ. ಮೇಲೆ ಮಾತ್ರ ಎರಡು ಹಲ್ಲು ಕಿತ್ತರೆ ಅದು ಹಾಗೇ ಉಳಿಯಬೇಕು. ಚೀಟಿ ನೋಡಿದ ತಂಗಿ "ಅಯ್ಯೋ ಅಕ್ಕಾ, ಇನ್ನೂ ಸೆಕೆಂಡ್ ಕ್ಲಾಸಲ್ಲೇ ಇದ್ದೀಯಲ್ಲೇ" ಅಂದಳು. ಕೂರಿಸಿಕೊಂಡು ಇದಿಷ್ಟನ್ನೂ ಹೇಳಿದೆ. ಅರ್ಧಕ್ಕೇ ಎದ್ದು ಹೋದಳು, ಅದಕ್ಕೇ ಇಲ್ಲಿ ಬರೆದೆ.